ಮನೋಚಿಕಿತ್ಸೆಯಲ್ಲಿ ಸಮ್ಮೋಹನದ ಸ್ಥಾನ

ಸಮ್ಮೋಹನವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಕಟ್ಟುವುದು ಎರಡೇ ಚಿತ್ರಗಳು. ಒಂದು, ಜಾದೂಗಾರನ ರಂಗಸ್ಥಳ. ಕರಿಯ ನಿಲುವಂಗಿಯ ಮನುಷ್ಯನೊಬ್ಬನು ಕೈಯಾಡಿಸಿದೊಡನೆ ಸಭೆಯಿಂದ ಎದ್ದುಹೋದ ಹುಡುಗನು ಎರಡು ಕುರ್ಚಿಗಳ ನಡುವೆ ಮರದ ಕೊರಡಿನಂತೆ ಸೆಟೆದು ಮಲಗುತ್ತಾನೆ. ಇನ್ನೊಂದು, ವಶೀಕರಣ. ಯಾರೋ ಯಾರನ್ನೋ ದೂರದಲ್ಲಿ ಕುಳಿತೇ ಮಂತ್ರದಿಂದ ಕಟ್ಟಿಹಾಕುತ್ತಾರೆಂಬ ಭಯ. ಈ ಎರಡು ಚಿತ್ರಗಳಲ್ಲಿಯೂ ಒಂದೇ ನಂಬಿಕೆ ಅಡಗಿದೆ. ಶಕ್ತಿಯೆಲ್ಲ ಮಾಡುವವನಲ್ಲಿದೆ, ಮಾಡಿಸಿಕೊಳ್ಳುವವನು ಬರೇ ಕೈಗೊಂಬೆ ಎಂಬುದೇ ಆ ನಂಬಿಕೆ. ಆದರೆ ಸುಮಾರು ಎರಡೂವರೆ ಶತಮಾನಗಳ ಪರೀಕ್ಷೆಯಿಂದ ವೈದ್ಯರೂ ಮನಶ್ಶಾಸ್ತ್ರಜ್ಞರೂ ಕಂಡುಕೊಂಡ ಸಂಗತಿ ಇದಕ್ಕೆ ನೇರ ವಿರುದ್ಧವಾದುದು. ಸಮ್ಮೋಹನದ ಶಕ್ತಿ ಸಮ್ಮೋಹನಕಾರನದಲ್ಲ. ಅದು ರೋಗಿಯ ಮನಸ್ಸಿನದೇ. ಇದೊಂದನ್ನು ತಿಳಿದುಕೊಂಡರೆ ಆ ವಿದ್ಯೆಯ ಉಪಯೋಗವೇನು, ಅದರ ಎಲ್ಲೆ ಎಲ್ಲಿ, ಅದರ ಹೆಸರಿನಲ್ಲಿ ನಡೆಯುವ ಮೋಸ ಯಾವುದು ಎಂಬ ಮೂರೂ ಪ್ರಶ್ನೆಗಳು ಬಹುಮಟ್ಟಿಗೆ ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಈ ವಿಚಾರವು ಪಠ್ಯಪುಸ್ತಕಕ್ಕೆ ಮಾತ್ರ ಸೇರಿದುದೆಂದು ಸಹಪಾಠಿಗಳು ಭಾವಿಸಬಾರದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಒಳಹಳ್ಳಿಗಳಿಂದ ಬಸ್ಸು ಹಿಡಿದು ಕಾಲೇಜಿಗೆ ಬರುವ ನಮ್ಮಲ್ಲಿ ಅನೇಕರು ತಂತಮ್ಮ ಮನೆಗಳಲ್ಲಿ ಪದವಿ ತರಗತಿಯನ್ನು ಕಂಡ ಮೊದಲಿಗರು. ಅಂಥವರ ಹೆಗಲಿಗೆ ಕೆಲವು ಹೊಣೆಗಳು ಕೇಳದೆಯೇ ಬಂದು ಬೀಳುತ್ತವೆ. ಬ್ಯಾಂಕಿನ ಕಾಗದವನ್ನು ಓದಿ ಹೇಳಬೇಕು, ತಾಲೂಕು ಕಚೇರಿಗೆ ಅರ್ಜಿ ಬರೆಯಬೇಕು, ಔಷಧದ ಚೀಟಿ ನೋಡಬೇಕು. ಹಾಗೆಯೇ ಎಂದಾದರೊಂದು ದಿನ ನೆರೆಕರೆಯವರು ಬಂದು, “ನಮ್ಮ ಹುಡುಗಿ ಆಗಾಗ ಮೈನಡುಗಿ ಬೀಳುತ್ತಾಳೆ. ಇದು ಕಾಯಿಲೆಯೋ, ಉಪದ್ರವೋ? ಹಿಪ್ನಾಟಿಸಂ ಮಾಡಿಸಿದರೆ ಗುಣವಾಗುತ್ತದಂತೆ, ಹೌದೆ? ನೀವು ಓದಿದವರಲ್ಲವೆ?” ಎಂದು ಕೇಳಿದರೆ ನಾವು ಕೊಡುವ ಉತ್ತರದ ಮೇಲೆ ಒಂದು ಜೀವದ ಸುಖದುಃಖ ನಿಂತಿರಬಹುದು. ಆದುದರಿಂದ ವಿಷಯವನ್ನು ಬುಡದಿಂದಲೇ ನೋಡುವುದು ಒಳ್ಳೆಯದು.

ಮೊದಲು ಸಮ್ಮೋಹನವು ಏನಲ್ಲವೆಂಬುದನ್ನು ತಿಳಿಯೋಣ. ಅದು ನಿದ್ರೆಯಲ್ಲ. ಮಿದುಳಿನ ವಿದ್ಯುತ್ತರಂಗಗಳನ್ನು ದಾಖಲಿಸುವ ಇ.ಇ.ಜಿ. ಯಂತ್ರದಿಂದ ನೋಡಿದರೆ ಸಮ್ಮೋಹಿತನಲ್ಲಿ ಕಾಣುವುದು ನಿದ್ರೆಯ ತರಂಗಗಳಲ್ಲ, ಎಚ್ಚರದವು. ಅದು ಮೂರ್ಛೆಯೂ ಅಲ್ಲ. ಸಮ್ಮೋಹಿತನಿಗೆ ಮಾತು ಕೇಳಿಸುತ್ತದೆ. ಕೇಳಿದುದಕ್ಕೆ ಉತ್ತರ ಕೊಡಬಲ್ಲನು. ಬೇಡವೆನಿಸಿದರೆ ಕಣ್ತೆರೆದು ಎದ್ದುಹೋಗಬಲ್ಲನು. ಹಾಗಾದರೆ ಅದು ಏನು? ಗಮನವು ಒಂದೇ ಕಡೆ ಕೂಡಿ ನಿಂತು, ಸುತ್ತಲಿನ ಅರಿವು ಹಿಂದೆ ಸರಿದು, ಕೇಳಿದ ಸೂಚನೆಗೆ ಮನಸ್ಸೂ ದೇಹವೂ ಸುಲಭವಾಗಿ ಓಗೊಡುವ ಒಂದು ಸ್ಥಿತಿ.

ಈ ಸ್ಥಿತಿಯ ಬೀಜಗಳು ನಮ್ಮ ನಿತ್ಯಜೀವನದಲ್ಲಿಯೇ ಇವೆ. ಬಯಲಾಟದಲ್ಲಿ ಒಳ್ಳೆಯ ಭಾಗವತರ ಪದಕ್ಕೆ ಚೆಂಡೆ ಮದ್ದಳೆಗಳು ಕೂಡಿ ಬಂದಾಗ ಮುಂದಿನ ಸಾಲಿನಲ್ಲಿ ಕುಳಿತವನಿಗೆ ಸೊಳ್ಳೆ ಕಡಿದುದೂ ತಿಳಿಯುವುದಿಲ್ಲ, ಗಂಟೆಗಳು ಸರಿದುದೂ ತಿಳಿಯುವುದಿಲ್ಲ. ನಮ್ಮ ಕಡೆ ಮನೆಮನೆಗಳಲ್ಲಿ ಬೀಡಿ ಕಟ್ಟುವ ತಾಯಂದಿರ ಬೆರಳುಗಳನ್ನು ಗಮನಿಸಿರಿ. ಎಲೆ ಮಡಚುವುದು, ಹೊಗೆಸೊಪ್ಪು ತುಂಬುವುದು, ನೂಲು ಸುತ್ತುವುದು ಎಲ್ಲವೂ ತಾನಾಗಿ ನಡೆಯುತ್ತದೆ. ಮನಸ್ಸು ಬೇರೆಲ್ಲೋ ಇರುತ್ತದೆ. ಇನ್ನು ಸೂಚನೆಯ ಬಲವನ್ನು ಅರಿಯಲು ಉಪ್ಪು ಮೆಣಸು ಹಚ್ಚಿದ ಮಾವಿನ ಹೋಳನ್ನು ನೆನೆಸಿಕೊಂಡರೆ ಸಾಕು, ಬಾಯಲ್ಲಿ ನೀರೂರುತ್ತದೆ. ಮಾವೂ ಇಲ್ಲ, ಉಪ್ಪೂ ಇಲ್ಲ. ಇದ್ದುದು ಮಾತು ಮಾತ್ರ. ಆದರೂ ದೇಹದ ಗ್ರಂಥಿ ಅದಕ್ಕೆ ಓಗೊಟ್ಟಿತು. ಈ ತನ್ಮಯತೆ, ಈ ತಾನಾಗಿ ನಡೆಯುವ ಕ್ರಿಯೆ, ಮಾತಿಗೆ ದೇಹವು ಓಗೊಡುವ ಈ ಗುಣ, ಮೂರನ್ನೂ ಉದ್ದೇಶಪೂರ್ವಕವಾಗಿ ಒಂದೆಡೆ ತಂದು ಚಿಕಿತ್ಸೆಗೆ ಬಳಸುವುದೇ ಸಮ್ಮೋಹನ ಚಿಕಿತ್ಸೆ.

ಇದು ಹೀಗೆಂದು ಗೊತ್ತಾಗಲು ಬಹಳ ಕಾಲ ಹಿಡಿಯಿತು. ಹದಿನೆಂಟನೆಯ ಶತಮಾನದಲ್ಲಿ ಫ್ರಾಂಜ್ ಆಂಟನ್ ಮೆಸ್ಮರ್ (೧೭೩೪–೧೮೧೫) ಎಂಬ ವೈದ್ಯನು, ವಿಶ್ವದಲ್ಲೆಲ್ಲ ಒಂದು ಕಾಂತದ್ರವ ಹರಿಯುತ್ತಿದೆ, ಅದರ ಏರುಪೇರೇ ರೋಗ, ತನ್ನ ಕೈಯಾಡಿಸುವಿಕೆಯಿಂದ ಅದನ್ನು ಸರಿಪಡಿಸಬಹುದು ಎಂದು ಸಾರಿದನು. ಪ್ಯಾರಿಸ್ ನಗರದ ಸಿರಿವಂತರು ಅವನ ಬಾಗಿಲಿಗೆ ಮುತ್ತಿದರು. ೧೭೮೪ರಲ್ಲಿ ಫ್ರಾನ್ಸಿನ ದೊರೆಯು ಇದನ್ನು ಪರೀಕ್ಷಿಸಲು ಒಂದು ಆಯೋಗವನ್ನು ನೇಮಿಸಿದನು. ಬೆಂಜಮಿನ್ ಫ್ರಾಂಕ್ಲಿನ್, ರಸಾಯನಶಾಸ್ತ್ರಜ್ಞ ಲವಾಸಿಯೆ ಮುಂತಾದವರು ಅದರಲ್ಲಿದ್ದರು. ಅವರು ಮಾಡಿದ ಒಂದು ಪರೀಕ್ಷೆ ಇಂದಿಗೂ ಪಾಠವಾಗತಕ್ಕದ್ದು. ಫ್ರಾಂಕ್ಲಿನ್ ಇದ್ದ ಮನೆಯ ತೋಟದಲ್ಲಿ ಒಂದು ಮರವನ್ನು ಮಾತ್ರ ಮೆಸ್ಮರನ ಶಿಷ್ಯನಿಂದ ‘ಕಾಂತೀಕರಿಸಿ’, ಕಣ್ಣು ಕಟ್ಟಿದ ಹುಡುಗನೊಬ್ಬನನ್ನು ಬೇರೆ ಮರಗಳ ಬಳಿಗೆ ಒಂದೊಂದಾಗಿ ಕರೆದೊಯ್ದರು. ಆ ಮರವನ್ನು ಮುಟ್ಟುವ ಮೊದಲೇ, ಏನೂ ಮಾಡದಿದ್ದ ಮರದ ಬುಡದಲ್ಲಿ ಹುಡುಗ ಮೂರ್ಛೆ ಹೋದನು. ದ್ರವವೆಂಬುದಿಲ್ಲ, ಇದು ಕಲ್ಪನೆಯ ಕಾರ್ಯ ಎಂದು ಆಯೋಗವು ತೀರ್ಮಾನಿಸಿತು. ತೀರ್ಮಾನವು ಸರಿಯೇ. ಆದರೆ ಬರಿಯ ಕಲ್ಪನೆಗೆ ಒಬ್ಬನನ್ನು ಮೂರ್ಛೆಗೊಳಿಸುವಷ್ಟು ಬಲವಿದ್ದರೆ ಅದೇ ಬಲವನ್ನು ಗುಣಪಡಿಸಲು ಏಕೆ ಬಳಸಬಾರದು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಈ ಪ್ರಶ್ನೆಗೆ ಉತ್ತರದ ದಾರಿ ತೋರಿದವನು ನಮ್ಮ ಕರಾವಳಿಯವನೇ ಎಂಬುದನ್ನು ನಮ್ಮಲ್ಲಿ ಬಹಳ ಮಂದಿ ಅರಿಯರು. ಗೋವೆಯ ಬಾರ್ದೇಸ್ ಸೀಮೆಯ ಕಾಂದೋಳಿಯಲ್ಲಿ ೧೭೫೬ರಲ್ಲಿ ಜನಿಸಿದ ಅಬ್ಬೆ ಫಾರಿಯಾ ಎಂಬ ಕ್ರೈಸ್ತ ಪಾದ್ರಿಯೇ ಅವನು. ಬಂಟ್ವಾಳ, ಮೂಡುಬಿದಿರೆಗಳಲ್ಲಿ ಇಂದು ಕೊಂಕಣಿ ಮಾತಾಡುವ ಕ್ರೈಸ್ತರ ಮತ್ತು ಗೌಡ ಸಾರಸ್ವತರ ಪೂರ್ವಿಕರು ಗೋವೆಯಿಂದ ಇಳಿದು ಬಂದವರಲ್ಲವೆ? ಅದೇ ನೆಲದ, ಅದೇ ಮಾತಿನ ಮನುಷ್ಯ ಇವನು. ಬಾಲಕನಾಗಿದ್ದಾಗಲೇ ತಂದೆಯೊಡನೆ ಪೋರ್ಚುಗಲ್ಲಿಗೆ ಹೋಗಿ, ರೋಮಿನಲ್ಲಿ ಓದಿ ಪಾದ್ರಿಯಾದನು. ಅವನ ವಿಷಯವಾಗಿ ಒಂದು ಕಥೆ ಪ್ರಚಲಿತವಾಗಿದೆ. ಲಿಸ್ಬನ್ನಿನಲ್ಲಿ ರಾಣಿಯ ಮುಂದೆ ಉಪದೇಶ ಮಾಡಲು ನಿಂತ ತರುಣ ಫಾರಿಯಾನಿಗೆ ಸಭೆಯನ್ನು ಕಂಡು ನಾಲಿಗೆಯೇ ಹೊರಳಲಿಲ್ಲವಂತೆ. ಆಗ ಪಕ್ಕದಲ್ಲಿದ್ದ ತಂದೆ ಕೊಂಕಣಿಯಲ್ಲಿ, ಇವರೆಲ್ಲ ಬರೇ ತರಕಾರಿ, ಹೆಚ್ಚಿಹಾಕು ಎಂಬರ್ಥದ ಮಾತನ್ನು ಪಿಸುಗುಟ್ಟಿದನಂತೆ. ಒಡನೆ ಅಂಜಿಕೆ ಹಾರಿಹೋಗಿ ಮಾತು ಧಾರೆಯಾಗಿ ಹರಿಯಿತಂತೆ. ಕಥೆ ಎಷ್ಟು ನಿಜವೋ, ಅದರೊಳಗಿನ ತತ್ತ್ವವಂತೂ ನಿಜ. ಸರಿಯಾದ ಸಮಯಕ್ಕೆ, ನಂಬಿಕೆಯುಳ್ಳವರ ಬಾಯಿಂದ ಬಂದ ಒಂದು ಮಾತು ಮನಸ್ಸಿನ ಗಂಟನ್ನು ಸಡಿಲಿಸಬಲ್ಲದು.

ಫಾರಿಯಾ ೧೮೧೩ರಲ್ಲಿ ಪ್ಯಾರಿಸಿನಲ್ಲಿ ಸಾರ್ವಜನಿಕ ಉಪನ್ಯಾಸಗಳನ್ನೂ ಪ್ರಯೋಗಗಳನ್ನೂ ಆರಂಭಿಸಿದನು. ಕಾಂತವೂ ಇಲ್ಲ, ಕೈಯಾಡಿಸುವುದೂ ಇಲ್ಲ. ಎದುರಿನವನನ್ನು ಸುಖವಾಗಿ ಕುಳ್ಳಿರಿಸಿ, ಕಣ್ಮುಚ್ಚಿ ನಿದ್ರೆಯನ್ನೇ ಧ್ಯಾನಿಸುವಂತೆ ಹೇಳಿ, ಬಳಿಕ ದೃಢವಾದ ಧ್ವನಿಯಲ್ಲಿ ‘ನಿದ್ರಿಸು’ ಎನ್ನುತ್ತಿದ್ದನು. ತನ್ನಲ್ಲಿ ಯಾವ ವಿಶೇಷ ಶಕ್ತಿಯೂ ಇಲ್ಲ, ನಡೆಯುವುದೆಲ್ಲ ಎದುರಿನವನ ಮನಸ್ಸಿನಿಂದಲೇ ನಡೆಯುತ್ತದೆ ಎಂದು ಅವನು ಪ್ರತಿಪಾದಿಸಿದನು. ಜನರಿಗೆ ಈ ಮಾತು ರುಚಿಸಲಿಲ್ಲ. ಪವಾಡವನ್ನು ಬಯಸಿ ಬಂದವರಿಗೆ ಪವಾಡವಿಲ್ಲವೆಂದರೆ ರುಚಿಸುವುದುಂಟೆ? ಕೆಲವರು ಅವನನ್ನು ವಂಚಕನೆಂದು ಗೇಲಿಮಾಡಿದರು. ೧೮೧೯ರಲ್ಲಿ ಅವನ ಗ್ರಂಥ ಅಚ್ಚಾಯಿತು. ಅದೇ ವರ್ಷ ಅವನು ತೀರಿಕೊಂಡನು. ಪಣಜಿಯಲ್ಲಿ ೧೯೪೫ರಲ್ಲಿ ಅವನ ಪ್ರತಿಮೆಯನ್ನು ನಿಲ್ಲಿಸಲಾಯಿತು. ಗೋವೆಗೆ ಪ್ರವಾಸ ಹೋಗುವ ವಿದ್ಯಾರ್ಥಿಗಳು ಅದನ್ನು ಒಮ್ಮೆ ನೋಡಿ ಬರಬೇಕು.

ಸಮ್ಮೋಹನದ ಇತಿಹಾಸದಲ್ಲಿ ಭಾರತದ ಹೆಸರು ಬರುವುದು ಇಷ್ಟಕ್ಕೇ ಮುಗಿಯಲಿಲ್ಲ. ಜೇಮ್ಸ್ ಎಸ್ಡೇಲ್ ಎಂಬ ಸ್ಕಾಟಿಷ್ ಶಸ್ತ್ರವೈದ್ಯನು ಬಂಗಾಳದ ಹೂಗ್ಲಿಯಲ್ಲಿ ೧೮೪೫ರ ಏಪ್ರಿಲಿನಲ್ಲಿ ಮೆಸ್ಮರನ ಕ್ರಮದಿಂದ ರೋಗಿಗಳ ನೋವನ್ನು ಅಡಗಿಸಿ ಶಸ್ತ್ರಕ್ರಿಯೆ ಮಾಡಲಾರಂಭಿಸಿದನು. ಅರಿವಳಿಕೆಯ ಔಷಧಗಳು ಇನ್ನೂ ಬಳಕೆಗೆ ಬಾರದಿದ್ದ ಕಾಲವದು. ರೋಗಿಯನ್ನು ನಾಲ್ಕು ಜನ ಅದುಮಿ ಹಿಡಿದು ಕೊಯ್ಯುತ್ತಿದ್ದ ಕಾಲ. ಎಸ್ಡೇಲನ ಸಹಾಯಕರು ಗಂಟೆಗಟ್ಟಲೆ ಮೈಮೇಲೆ ಕೈಯಾಡಿಸಿ ರೋಗಿಯನ್ನು ಆ ಸ್ಥಿತಿಗೆ ತರುತ್ತಿದ್ದರು. ಆನೆಕಾಲು ರೋಗದಿಂದ ಬೆಳೆದ ಭಾರಿ ಗೆಡ್ಡೆಗಳನ್ನು ಅವನು ಹೀಗೆ ತೆಗೆದನು. ಇಂಥ ದೊಡ್ಡ ಶಸ್ತ್ರಕ್ರಿಯೆಗಳೇ ನೂರಾರು ನಡೆದುವು. ಸರಕಾರವು ಕಲ್ಕತ್ತೆಯಲ್ಲಿ ೧೮೪೬ರಲ್ಲಿ ಅವನಿಗಾಗಿ ಒಂದು ಪ್ರಾಯೋಗಿಕ ಆಸ್ಪತ್ರೆಯನ್ನೇ ತೆರೆಯಿತು. ಆದರೆ ಅದೇ ೧೮೪೬ರಲ್ಲಿ ಈಥರ್, ಮರುವರ್ಷ ಕ್ಲೋರೋಫಾರ್ಮ್ ಬಳಕೆಗೆ ಬಂದುವು. ಗಂಟೆಗಳ ಕೆಲಸವನ್ನು ನಿಮಿಷಗಳಲ್ಲಿ, ಅದೂ ಬಹುತೇಕ ಎಲ್ಲರ ಮೇಲೆಯೂ ಮಾಡಬಲ್ಲ ಔಷಧ ಸಿಕ್ಕಿದ ಮೇಲೆ ಎಸ್ಡೇಲನ ಕ್ರಮ ಮೂಲೆಗುಂಪಾದುದರಲ್ಲಿ ಆಶ್ಚರ್ಯವಿಲ್ಲ. ಎಸ್ಡೇಲನು ಕೊನೆಯವರೆಗೂ ಇದು ಮೈಯಿಂದ ಮೈಗೆ ಹರಿಯುವ ಶಕ್ತಿಯೆಂದೇ ನಂಬಿದ್ದನು. ಫಲ ಕಂಡ ಮಾತ್ರಕ್ಕೆ ಅದಕ್ಕೆ ಕೊಟ್ಟ ಕಾರಣವೂ ಸರಿಯೆಂದು ತಿಳಿಯಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಜೇಮ್ಸ್ ಬ್ರೇಡ್ ಎಂಬ ವೈದ್ಯನು ೧೮೪೧ರಲ್ಲಿ ಇಂಥದೊಂದು ಪ್ರದರ್ಶನವನ್ನು ಸಂಶಯದಿಂದಲೇ ನೋಡಲು ಹೋಗಿ, ಬಳಿಕ ತಾನೇ ಪ್ರಯೋಗ ನಡೆಸಿ, ೧೮೪೩ರ ತನ್ನ ಗ್ರಂಥದಲ್ಲಿ ಇದಕ್ಕೆ ಗ್ರೀಕರ ನಿದ್ರಾದೇವತೆ ‘ಹಿಪ್ನೋಸ್’ ಹೆಸರಿನಿಂದ ಹಿಪ್ನಾಟಿಸಂ ಎಂಬ ಹೆಸರನ್ನು ಬಳಕೆಗೆ ತಂದನು. ಇದು ನಿದ್ರೆಯಲ್ಲ, ಏಕಾಗ್ರತೆಯೆಂದು ಮುಂದೆ ಅವನಿಗೇ ತೋರಿ ಹೆಸರು ಬದಲಿಸಲು ಯತ್ನಿಸಿದರೂ ಮೊದಲಿನದೇ ಉಳಿದುಬಿಟ್ಟಿತು. ಫ್ರಾನ್ಸಿನಲ್ಲಿ ಶಾರ್ಕೋ ಎಂಬ ಮಹಾವೈದ್ಯನು ಸಮ್ಮೋಹನವು ಉನ್ಮಾದರೋಗದ ಲಕ್ಷಣವೆಂದನು. ನಾನ್ಸಿ ಊರಿನ ಲಿಯೆಬೋ ಮತ್ತು ಬರ್ನ್‌ಹೈಮ್ ಎಂಬವರು ಅದು ಆರೋಗ್ಯವಂತರಲ್ಲಿಯೂ ಕಾಣುವ ಸೂಚನೆಯ ಫಲವೆಂದರು. ಕೊನೆಗೆ ನಿಂತುದು ನಾನ್ಸಿಯವರ ಮತವೇ. ಸಿಗ್ಮಂಡ್ ಫ್ರಾಯ್ಡ್ ೧೮೮೫ರಲ್ಲಿ ಶಾರ್ಕೋನ ಬಳಿಗೂ, ೧೮೮೯ರಲ್ಲಿ ನಾನ್ಸಿಗೂ ಹೋಗಿ ಕಲಿತವನು. ಎಲ್ಲರನ್ನೂ ಸಮ್ಮೋಹನಗೊಳಿಸಲು ಆಗುವುದಿಲ್ಲ, ಗುಣವೂ ಎಷ್ಟೋ ವೇಳೆ ಬಹುದಿನ ನಿಲ್ಲುವುದಿಲ್ಲ ಎಂದು ಕಂಡು ಅವನು ಅದನ್ನು ಕೈಬಿಟ್ಟು ಮನೋವಿಶ್ಲೇಷಣೆಯ ದಾರಿ ಹಿಡಿದನು. ಫ್ರಾಯ್ಡನ ಪ್ರಭಾವದಿಂದ ಸಮ್ಮೋಹನ ಅರ್ಧ ಶತಮಾನ ಹಿಂದೆ ಬಿದ್ದಿತು. ೧೯೫೫ರಲ್ಲಿ ಬ್ರಿಟಿಷ್ ವೈದ್ಯ ಸಂಘವೂ, ೧೯೫೮ರಲ್ಲಿ ಅಮೇರಿಕದ ವೈದ್ಯ ಸಂಘವೂ ತರಬೇತಾದವರ ಕೈಯಲ್ಲಿ ಇದಕ್ಕೆ ಚಿಕಿತ್ಸೆಯಲ್ಲಿ ಸ್ಥಾನವುಂಟೆಂದು ಅಂಗೀಕರಿಸಿದ ಮೇಲೆ ಅದು ಪುನಃ ಪ್ರಯೋಗಶಾಲೆಯ ವಿಷಯವಾಯಿತು.

ಪ್ರಯೋಗಶಾಲೆಯಲ್ಲಿ ಕಂಡುದೇನು? ೧೯೫೯ರಲ್ಲಿ ಅಮೇರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ವೈಟ್ಸೆನ್‌ಹಾಫರ್ ಮತ್ತು ಹಿಲ್ಗಾರ್ಡ್ ಎಂಬವರು ಸಮ್ಮೋಹನಕ್ಕೆ ಒಬ್ಬೊಬ್ಬರು ಎಷ್ಟೆಷ್ಟು ಓಗೊಡುತ್ತಾರೆಂಬುದನ್ನು ಅಳೆಯುವ ಮಾನದಂಡವನ್ನು ರಚಿಸಿದರು. ಕೆಲವರು ತುಂಬ ಓಗೊಡುತ್ತಾರೆ, ಕೆಲವರು ಕೊಂಚವೂ ಇಲ್ಲ, ಬಹುಪಾಲು ಜನ ನಡುವೆ ಇರುತ್ತಾರೆ. ಅದೇ ಜನರನ್ನು ೨೫ ವರ್ಷಗಳ ತರುವಾಯ ಅಳೆದಾಗಲೂ ಅಂಕಗಳು ಬಹಳ ಬದಲಾಗಿರಲಿಲ್ಲ. ಅಂದರೆ ಇದು ಸಮ್ಮೋಹನಕಾರನ ಕಣ್ಣಿನ ತೇಜಸ್ಸಲ್ಲ. ಎತ್ತರ, ಕಂಠ, ಜ್ಞಾಪಕಶಕ್ತಿಗಳಂತೆ ಆಯಾ ವ್ಯಕ್ತಿಯ ಗುಣ. ರಂಗಸ್ಥಳದ ಗುಟ್ಟೂ ಇಲ್ಲಿಯೇ ಒಡೆಯುತ್ತದೆ. ಜಾದೂಗಾರನು ಮೊದಲು ಇಡೀ ಸಭೆಗೆ ಕೈ ಜೋಡಿಸಿ ಹಿಡಿಯುವಂಥ ಸಣ್ಣ ಸೂಚನೆಗಳನ್ನು ಕೊಟ್ಟು, ಹೆಚ್ಚು ಓಗೊಟ್ಟವರನ್ನಷ್ಟೇ ಮೇಲಕ್ಕೆ ಕರೆಯುತ್ತಾನೆ. ಎರಡು ಕುರ್ಚಿಗಳ ನಡುವೆ ಸೆಟೆದು ಮಲಗುವುದನ್ನಂತೂ ಆರೋಗ್ಯವಂತನಾದ ಯಾವ ತರುಣನಾದರೂ ಸಮ್ಮೋಹನವಿಲ್ಲದೆಯೇ ಸ್ವಲ್ಪ ಹೊತ್ತು ಮಾಡಬಲ್ಲನು.

೧೯೯೭ರಲ್ಲಿ ಕೆನಡಾದ ಮಾಂಟ್ರಿಯಲಿನ ವಿಜ್ಞಾನಿಗಳು ಮತ್ತೂ ಒಂದು ಹೆಜ್ಜೆ ಮುಂದೆ ಹೋದರು. ಸಮ್ಮೋಹಿತರ ಕೈಯನ್ನು ನೋಯಿಸುವಷ್ಟು ಬಿಸಿಯಾದ ನೀರಿನಲ್ಲಿಡಿಸಿ, ಆ ನೋವಿನ ಅಸಹನೀಯತೆ ಹೆಚ್ಚಿತೆಂದೂ ಕಡಿಮೆಯಾಯಿತೆಂದೂ ಸೂಚನೆ ಕೊಟ್ಟು ಮಿದುಳಿನ ಚಿತ್ರ ತೆಗೆದರು. ಸ್ಪರ್ಶವನ್ನು ದಾಖಲಿಸುವ ಭಾಗದ ಚಟುವಟಿಕೆ ಹಾಗೆಯೇ ಇತ್ತು. ನೋವಿಗೆ ಸಂಕಟವನ್ನು ಬೆರೆಸುವ ಮುಂಭಾಗದ ಒಂದು ಭಾಗದ ಚಟುವಟಿಕೆ ಸೂಚನೆಗೆ ತಕ್ಕಂತೆ ಏರಿಳಿಯಿತು. ಆದುದರಿಂದ ಸಮ್ಮೋಹಿತರು ನಟಿಸುತ್ತಾರೆಂಬ ಹಳೆಯ ಆಕ್ಷೇಪಣೆಯೂ ಇಲ್ಲಿ ನಿಲ್ಲುವುದಿಲ್ಲ. ಬಿಸಿ ಬಿಸಿಯೇ, ಆದರೆ ಅದರೊಡನೆ ಬರುವ ಸಂಕಟ ಬದಲಾಗಬಲ್ಲದು.

ಇನ್ನು ಚಿಕಿತ್ಸೆ ನಡೆಯುವ ಕ್ರಮ. ಮೊದಲು ಚಿಕಿತ್ಸಕನು ರೋಗಿಯ ಕಷ್ಟವನ್ನೂ ಇತಿಹಾಸವನ್ನೂ ಕೇಳುತ್ತಾನೆ. ದೇಹದ ರೋಗವಿದೆಯೇ ಎಂದು ವೈದ್ಯಪರೀಕ್ಷೆಯಾಗಿದೆಯೋ ಎಂದು ನೋಡುತ್ತಾನೆ. ಏನು ಮಾಡಲಿದ್ದೇನೆಂದು ತಿಳಿಸಿ ಒಪ್ಪಿಗೆ ಪಡೆಯುತ್ತಾನೆ. ಎರಡನೆಯದು ಪ್ರವೇಶ. ರೋಗಿ ಸುಖಾಸನದಲ್ಲಿ ಕುಳಿತು ಒಂದು ಬಿಂದುವನ್ನೋ ತನ್ನ ಉಸಿರನ್ನೋ ಗಮನಿಸುತ್ತಾನೆ; ಕಾಲಿನಿಂದ ತಲೆಯವರೆಗೆ ಸ್ನಾಯುಗಳನ್ನು ಸಡಿಲಬಿಡುತ್ತಾನೆ. ಬಳಿಕ ಮೆಟ್ಟಿಲಿಳಿಯುವ ಕಲ್ಪನೆಯಿಂದಲೋ ಎಣಿಕೆಯಿಂದಲೋ ಆ ಸ್ಥಿತಿಯನ್ನು ಆಳಗೊಳಿಸುತ್ತಾರೆ. ಆಮೇಲೆ ಸೂಚನೆ. ಪರೀಕ್ಷೆಯ ಭಯವುಳ್ಳವನಿಗೆ ಪರೀಕ್ಷೆಯ ಕೊಠಡಿಯನ್ನು ಶಾಂತವಾಗಿ ಪ್ರವೇಶಿಸುವ ಚಿತ್ರವನ್ನು, ನೋವುಳ್ಳವನಿಗೆ ನೋವಿನ ಜಾಗ ತಂಪಾಗಿ ಮರಗಟ್ಟುವ ಭಾವವನ್ನು ಮತ್ತೆ ಮತ್ತೆ ಕಲ್ಪಿಸಿಕೊಳ್ಳುವಂತೆ ಹೇಳುತ್ತಾರೆ. ಕೊನೆಗೆ ನಿಧಾನವಾಗಿ ಎಚ್ಚರದ ಸ್ಥಿತಿಗೆ ಕರೆತರುತ್ತಾರೆ. ಒಳ್ಳೆಯ ಚಿಕಿತ್ಸಕನು ಇಷ್ಟಕ್ಕೆ ನಿಲ್ಲದೆ, ಮನೆಯಲ್ಲಿ ತಾನೇ ಮಾಡಿಕೊಳ್ಳುವ ಸ್ವಸಮ್ಮೋಹನವನ್ನು ರೋಗಿಗೆ ಕಲಿಸುತ್ತಾನೆ. ಶಕ್ತಿ ರೋಗಿಯದೇ ಆದ ಮೇಲೆ ಅದರ ಬೀಗದ ಕೈ ಅವನಲ್ಲಿಯೇ ಇರಬೇಕಲ್ಲವೆ?

ಇದರಿಂದ ಪ್ರಯೋಜನವು ಕಂಡಿರುವುದು ಹಳೆಯ ನೋವು, ಹೆರಿಗೆ ಮತ್ತು ಹಲ್ಲಿನ ಚಿಕಿತ್ಸೆಯ ಅಂಜಿಕೆ, ಆತಂಕ, ಕೆಲವು ಬಗೆಯ ಅಕಾರಣ ಭಯಗಳಲ್ಲಿ. ಕರುಳಿನ ಕಿರಿಕಿರಿಯ ರೋಗದಲ್ಲಿಯೂ ಇದು ಉಪಯುಕ್ತ. ಹೊಟ್ಟೆನೋವು, ಭೇದಿ, ಮಲಬದ್ಧತೆಗಳಿಂದ ವರ್ಷಗಟ್ಟಲೆ ಬಳಲಿ, ಬೇರೆ ಚಿಕಿತ್ಸೆಗಳಿಂದ ಗುಣಕಾಣದ ೩೦ ಮಂದಿಯ ಮೇಲೆ ಮ್ಯಾಂಚೆಸ್ಟರಿನ ವೊರ್ವೆಲ್ ಮತ್ತು ಸಂಗಡಿಗರು ೧೯೮೪ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಸಮ್ಮೋಹನ ಪಡೆದವರು ಇತರರಿಗಿಂತ ಎದ್ದುಕಾಣುವಷ್ಟು ಸುಧಾರಿಸಿದರು. ಆದರೆ ಒಂದು ಮಾತನ್ನು ಮರೆಯಬಾರದು. ಸಮ್ಮೋಹನವು ತಾನೇ ಒಂದು ಸಂಪೂರ್ಣ ಚಿಕಿತ್ಸೆಯಲ್ಲ. ಅದು ಬೇರೆ ಚಿಕಿತ್ಸೆಗೆ ಸೇರಿಸುವ ಉಪಕರಣ. ಭಯವನ್ನು ಹಂತಹಂತವಾಗಿ ಎದುರಿಸುವ ಅಭ್ಯಾಸ, ಯೋಚನೆಯ ತಪ್ಪುಗಳನ್ನು ತಿದ್ದಿಕೊಳ್ಳುವ ಸಂಭಾಷಣೆ, ಬೇಕಾದಾಗ ಔಷಧ ಇವುಗಳೊಡನೆ ಬೆರೆತಾಗಲೇ ಅದಕ್ಕೆ ಬೆಲೆ. ಇಲ್ಲದ ದನಿಗಳು ಕೇಳುವ, ಎಲ್ಲರೂ ತನ್ನ ವಿರುದ್ಧ ಸಂಚು ಹೂಡುತ್ತಾರೆಂದು ನಂಬುವ ತೀವ್ರ ಮಾನಸಿಕ ರೋಗಿಗಳಿಗೆ ಅದು ಸಲ್ಲದು, ಹಾನಿಯನ್ನೇ ತರಬಹುದು. ಸಾಯುವ ಯೋಚನೆಯಲ್ಲಿ ಮುಳುಗಿದವನಿಗೆ ಬೇಕಾದುದು ತಡವಿಲ್ಲದ ಮನೋವೈದ್ಯರ ಆರೈಕೆ, ಸಮ್ಮೋಹನವಲ್ಲ.

ಮತ್ತೊಂದು ಅಪಾಯ ನೆನಪಿಗೆ ಸಂಬಂಧಿಸಿದುದು. ಸಮ್ಮೋಹನದಿಂದ ಮರೆತುಹೋದುದನ್ನೆಲ್ಲ ಹೊರತೆಗೆಯಬಹುದು, ಪೂರ್ವಜನ್ಮದ ಸ್ಮರಣೆಯನ್ನೂ ತರಬಹುದು ಎಂದು ಹೇಳುವವರಿದ್ದಾರೆ. ಆದರೆ ಸೂಚನೆಗೆ ಸುಲಭವಾಗಿ ಓಗೊಡುವ ಮನಸ್ಸು, ಕೇಳುವವನು ಬಯಸಿದ ಚಿತ್ರವನ್ನು ತಾನೇ ಕಟ್ಟಿ, ಅದನ್ನೇ ನೆನಪೆಂದು ದೃಢವಾಗಿ ನಂಬಿಬಿಡುತ್ತದೆ. ಇದರಿಂದ ನಿರಪರಾಧಿಯ ಮೇಲೆ ಆರೋಪ ಬರಬಹುದು, ಸಂಸಾರ ಒಡೆಯಬಹುದು. ಇದಕ್ಕೆ ಹತ್ತಿರದ ಒಂದು ವಿಷಯ ನಮ್ಮ ರಾಜ್ಯದ ಹೆಸರಿನಲ್ಲಿಯೇ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಔಷಧ ಚುಚ್ಚಿ ಅರೆಪ್ರಜ್ಞೆಯಲ್ಲಿ ಹೇಳಿಕೆ ಪಡೆಯುವ ಮಂಪರು ಪರೀಕ್ಷೆಯನ್ನು ಆಪಾದಿತರ ಒಪ್ಪಿಗೆಯಿಲ್ಲದೆ ಮಾಡಕೂಡದೆಂದು, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಲ್ಲಿ ೨೦೧೦ರ ಮೇ ೫ರಂದು ಆ ನ್ಯಾಯಾಲಯವು ತೀರ್ಪಿತ್ತಿತು. ಅರೆಪ್ರಜ್ಞೆಯಲ್ಲಿ ಬಂದ ಮಾತೆಲ್ಲ ಸತ್ಯವೆಂಬ ಲೋಕಾಭಿಪ್ರಾಯಕ್ಕೆ ವಿಜ್ಞಾನದ ಬೆಂಬಲವಿಲ್ಲ.

ಈಗ ನಮ್ಮ ಊರುಗಳ ಕಡೆಗೆ ಬರೋಣ. ತುಳುನಾಡಿನಲ್ಲಿ ಹುಟ್ಟಿದವರಿಗೆ ಆವೇಶವೆಂಬುದು ಹೊಸತಲ್ಲ. ಭೂತಕೋಲದಲ್ಲಿ ಅಣಿ ಕಟ್ಟಿದವನ ಮೈದುಂಬುವಿಕೆ, ಪಾತ್ರಿಯ ದರ್ಶನ, ನಾಗದರ್ಶನ ಇವುಗಳನ್ನು ನಾವು ಬಾಲ್ಯದಿಂದಲೇ ಕಂಡಿದ್ದೇವೆ. ಇವೂ ಸಮ್ಮೋಹನವೇ ಎಂದು ಒಂದೇ ಮಾತಿನಲ್ಲಿ ತೀರ್ಮಾನಿಸುವುದು ಆತುರವಾಗುತ್ತದೆ. ಕೋಲವು ಚಿಕಿತ್ಸೆಯಲ್ಲ, ಅದೊಂದು ಊರಿನ ಕಟ್ಟುಕಟ್ಟಳೆ, ನ್ಯಾಯ, ಕಲೆ, ಭಕ್ತಿಗಳು ಸೇರಿದ ಆರಾಧನೆ. ಅದರ ಆವೇಶ ನಿಯತವಾದ ದಿನ, ನಿಯತವಾದ ಸ್ಥಳದಲ್ಲಿ ಬಂದು ನಿಯತವಾಗಿ ಇಳಿಯುತ್ತದೆ. ಬಲವಾದ ನಿರೀಕ್ಷೆ, ತಾಳಬದ್ಧವಾದ ವಾದ್ಯ, ಏಕಾಗ್ರತೆ, ನೆರೆದವರ ನಂಬಿಕೆ ಇವು ಎರಡರಲ್ಲಿಯೂ ಇವೆ ಎಂಬಷ್ಟನ್ನು ಮಾತ್ರ ಮನಶ್ಶಾಸ್ತ್ರ ಹೇಳಬಲ್ಲದು. ಆದರೆ ಯಾವ ಕಟ್ಟಳೆಯೂ ಇಲ್ಲದೆ, ಬೇಡವೆಂದರೂ, ಮನೆಯ ಮೂಲೆಯಲ್ಲಿ ಒಬ್ಬ ಹೆಣ್ಣುಮಗಳ ಮೈಮೇಲೆ ಮತ್ತೆ ಮತ್ತೆ ಬಂದು ಅವಳನ್ನು ಬಳಲಿಸುವುದು ಬೇರೆಯೇ ಸಂಗತಿ. ಅಲ್ಲಿ ಬಾಯಿಬಿಟ್ಟು ಹೇಳಲಾಗದ ದುಃಖವೊಂದು ದೇಹದ ಮೂಲಕ ಮಾತಾಡುತ್ತಿರಬಹುದು.

ಈ ವಿಷಯವನ್ನು ಕುರಿತು ನಮ್ಮ ಜಿಲ್ಲೆಯಲ್ಲಿಯೇ ಒಂದು ಪ್ರಸಿದ್ಧ ಅಧ್ಯಯನ ನಡೆದಿದೆ. ಅಂದು ದಕ್ಷಿಣ ಕನ್ನಡಕ್ಕೆ ಸೇರಿದ್ದು, ೧೯೯೭ರಿಂದ ಉಡುಪಿ ಜಿಲ್ಲೆಯಲ್ಲಿರುವ ಕೋಟದಲ್ಲಿ ಮನೋವೈದ್ಯರಾದ ಜಿ. ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅವರು ಮನೆಮನೆಗೆ ಹೋಗಿ ಬ್ರಾಹ್ಮಣ, ಬಂಟ, ಮೊಗವೀರ ಸಮಾಜಗಳ ಜನರ ಮನಸ್ಸಿನ ಕಷ್ಟಗಳನ್ನು ವಿಚಾರಿಸಿ, ೧೯೭೬ರಲ್ಲಿ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಗ್ರಂಥವನ್ನು ಪ್ರಕಟಿಸಿದರು. ನಾಟಿವೈದ್ಯ, ಮಂತ್ರವಾದಿ, ಪಾತ್ರಿ, ಡಾಕ್ಟರ್ ಎಲ್ಲರ ಬಳಿಗೂ ಜನ ಹೋಗುತ್ತಿದ್ದುದನ್ನೂ, ಒಬ್ಬರ ಬಳಿಗೆ ಹೋದವರು ಇನ್ನೊಬ್ಬರನ್ನು ಬಿಡುತ್ತಿರಲಿಲ್ಲವೆಂಬುದನ್ನೂ ಅವರು ಕಂಡರು. ಇಂದಿಗೂ ಇದು ಬಹಳ ಬದಲಾಗಿದೆಯೆಂದು ಹೇಳಲಾಗದು. ಹಳ್ಳಿಗರು ಮೂಢರೆಂದು ನಗುವುದು ಸುಲಭ. ಆದರೆ ಅವರು ಹುಡುಕುವುದು ತಮ್ಮ ಕಷ್ಟವನ್ನು ಕೇಳುವ ಕಿವಿಯನ್ನು. ಹೊರರೋಗಿ ವಿಭಾಗದ ಸಾಲಿನಲ್ಲಿ ಐದು ನಿಮಿಷವೂ ಸಿಗದ ಗಮನ ಪಾತ್ರಿಯ ಮುಂದೆ ಸಿಗುತ್ತದೆ. ಅಲ್ಲಿ ಸಿಗುವ ಧೈರ್ಯದ ಮಾತೂ ಒಂದು ಸೂಚನೆಯೇ. ಅದರಿಂದ ಹಲವರಿಗೆ ಹಗುರವೆನಿಸುವುದೂ ಸುಳ್ಳಲ್ಲ. ಹಗುರವೆನಿಸಿತೆಂದು ಅಪಸ್ಮಾರದ ಮಾತ್ರೆಯನ್ನು ನಿಲ್ಲಿಸಿದಾಗ ಅಥವಾ ಬಿಡಿಸುವ ಹೆಸರಿನಲ್ಲಿ ರೋಗಿಯನ್ನು ಕಟ್ಟಿ ಹೊಡೆದಾಗ ಅದೇ ವಿಪತ್ತಾಗುತ್ತದೆ. ದೆವ್ವ ಬಿಡಿಸುವ ನೆಪದಲ್ಲಿ ಹಿಂಸಿಸುವುದನ್ನು ಕರ್ನಾಟಕದ ೨೦೧೭ರ ಅಮಾನವೀಯ ದುಷ್ಟ ಪದ್ಧತಿಗಳ ಮತ್ತು ವಾಮಾಚಾರದ ನಿಷೇಧ ಕಾನೂನ ಅಪರಾಧವೆಂದು ಸಾರಿದೆ.

ಹಾಗಾದರೆ ಮೈನಡುಗಿ ಬೀಳುವ ಆ ಹುಡುಗಿಯ ಮನೆಯವರಿಗೆ ಏನೆನ್ನಬೇಕು? ಮೊದಲು ಅದು ಅಪಸ್ಮಾರವೋ ಅಲ್ಲವೋ ಎಂದು ವೈದ್ಯರಿಂದ ಪರೀಕ್ಷೆಯಾಗಲಿ ಎನ್ನಬೇಕು. ಅಪಸ್ಮಾರವಾದರೆ ಅದಕ್ಕೆ ಔಷಧವಿದೆ. ಸಮ್ಮೋಹನದಿಂದ ಅದು ವಾಸಿಯಾಗುವುದಿಲ್ಲ. ಅಲ್ಲವೆಂದಾದರೆ ‘ಏನೂ ಇಲ್ಲ’ ಎಂದಲ್ಲ. ಅವಳು ನಟಿಸುತ್ತಾಳೆಂದೂ ಅಲ್ಲ. ಮನಸ್ಸಿನ ಒತ್ತಡದಿಂದ ನಿಜವಾಗಿಯೇ ಅಂಥ ನಡುಕ ಬರುತ್ತದೆ. ಅದಕ್ಕೆ ಮನೋವೈದ್ಯರ ಅಥವಾ ಮನಶ್ಶಾಸ್ತ್ರಜ್ಞರ ಬಳಿ ಮಾತಿನ ಚಿಕಿತ್ಸೆಯಿದೆ. ಅವರಿಗೆ ಸರಿಯೆನಿಸಿದರೆ ಸಮ್ಮೋಹನವೂ ಅದರ ಒಂದು ಭಾಗವಾಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಅವಳ ದುಃಖವೇನೆಂದು ಯಾರಾದರೂ ಸಮಾಧಾನದಿಂದ ಕೇಳಬೇಕು.

ಸಮ್ಮೋಹನ ಮಾಡುತ್ತೇನೆಂದು ಫಲಕ ತೂಗಿಸಿದವರೆಲ್ಲ ಚಿಕಿತ್ಸಕರಲ್ಲ. ಪರೀಕ್ಷಿಸಲು ನಾಲ್ಕು ಪ್ರಶ್ನೆಗಳು ಸಾಕು. ಇವರು ಮನೋವೈದ್ಯಕೀಯದಲ್ಲಿಯೋ ಚಿಕಿತ್ಸಾ ಮನಶ್ಶಾಸ್ತ್ರದಲ್ಲಿಯೋ ಮಾನ್ಯವಾದ ವಿದ್ಯಾಭ್ಯಾಸ ಪಡೆದವರೆ? ರೋಗವೇನೆಂದು ನಿರ್ಣಯಿಸಿದ ಬಳಿಕವೇ ಕೈಹಾಕುತ್ತಾರೆಯೆ? ಮಾಡುವುದನ್ನು ವಿವರಿಸಿ ಒಪ್ಪಿಗೆ ಕೇಳುತ್ತಾರೆಯೆ? ಬೇರೆ ವೈದ್ಯರು ಕೊಟ್ಟ ಔಷಧವನ್ನು ಬಿಡಲು ಹೇಳದೆ ಇರುತ್ತಾರೆಯೆ? ನಾಲ್ಕರಲ್ಲಿ ಒಂದಕ್ಕೆ ಅಲ್ಲವೆಂಬ ಉತ್ತರ ಬಂದರೂ ಎದ್ದು ಬರುವುದು ಲೇಸು. ಒಂದೇ ದಿನದಲ್ಲಿ ಎಲ್ಲವನ್ನೂ ಗುಣಪಡಿಸುತ್ತೇನೆ, ನನ್ನ ದೃಷ್ಟಿಯಲ್ಲಿ ಶಕ್ತಿಯಿದೆ ಎನ್ನುವವನು ಎರಡು ಶತಮಾನಗಳ ಹಿಂದೆಯೇ ಫಾರಿಯಾ ಬಿಟ್ಟುಬಂದ ದಾರಿಯಲ್ಲಿ ಇನ್ನೂ ನಿಂತವನು.

ಸರಿಯಾದ ನೆರವಿಗೆ ನಮ್ಮ ನಾಡಿನಲ್ಲಿ ಆಧಾರವಿಲ್ಲದಿಲ್ಲ. ಬೆಂಗಳೂರಿನಲ್ಲಿ ೧೯೫೪ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ೧೯೭೪ರಲ್ಲಿ ಅಲ್ಲಿಯ ಮಾನಸಿಕ ಆಸ್ಪತ್ರೆಯೊಡನೆ ಸೇರಿ ನಿಮ್ಹಾನ್ಸ್ ಆಯಿತು. ಆ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ೧೯೮೫ರಲ್ಲಿ ಆರಂಭಿಸಿದ ಪ್ರಯೋಗವೇ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ‘ಟೆಲಿ ಮಾನಸ್’ ಎಂಬ ಸರಕಾರದ ಸೇವೆಗೆ ೧೪೪೧೬ ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಕನ್ನಡದಲ್ಲಿಯೇ, ಖರ್ಚಿಲ್ಲದೆ ಸಲಹೆ ಪಡೆಯಬಹುದು. ಕನ್ನಡದಲ್ಲಿ ಈ ಶಾಸ್ತ್ರವನ್ನು ಹೇಳುವ ಪರಂಪರೆಯೂ ಇದೆ. ‘ಕೊರವಂಜಿ’ಯ ಸಂಪಾದಕರಾಗಿ ನಾಡನ್ನು ನಗಿಸಿದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ಮನೋರೋಗಗಳ ವಿಚಾರವನ್ನು ಕುರಿತ ಗ್ರಂಥವೊಂದಕ್ಕೆ ಸಾಹಿತ್ಯದ ಈ ಗೌರವ ದೊರೆತುದು ಸಣ್ಣ ಮಾತಲ್ಲ.

ನಮ್ಮೊಳಗಿನ ಶಕ್ತಿಯನ್ನು ಪರರ ಶಕ್ತಿಯೆಂದು ಭ್ರಮಿಸಿದಷ್ಟು ಕಾಲ ನಾವು ಒಬ್ಬರಿಗೆ ಹೆದರುತ್ತೇವೆ, ಇನ್ನೊಬ್ಬರಿಗೆ ಹಣ ತೆರುತ್ತೇವೆ. ಅದು ನಮ್ಮದೇ ಎಂದು ತಿಳಿದ ಮೇಲೆ ಕಲಿತವರ ನೆರವಿನಿಂದ ಅದನ್ನು ಒಳ್ಳೆಯದಕ್ಕೆ ಬಳಸಿಕೊಳ್ಳಬಹುದು. ಮನಶ್ಶಾಸ್ತ್ರವನ್ನು ಪರೀಕ್ಷೆಗೆ ಓದುವವರು ಇಷ್ಟು ಮಂದಿ ಇದ್ದೇವೆ. ಓದಿದುದರಲ್ಲಿ ಇಷ್ಟನ್ನಾದರೂ ಅವರವರ ಮನೆಯ ಚಾವಡಿಯಲ್ಲಿ, ಮನೆಯವರ ಮಾತಿನಲ್ಲಿ, ಯಾರ ನಂಬಿಕೆಯನ್ನೂ ಹೀಯಾಳಿಸದೆ ಹೇಳಲು ನಮ್ಮಿಂದ ಆಗಬೇಕು.